ಶಿಖರದ ಪುಸ್ತಕ

ನನ್ನ ಹಳೆಯ ಡೈರಿಯಲ್ಲಿ ೧೯೮೪ರ ಅಕ್ಟೋಬರ್ ೧೪, ಭಾನುವಾರದ ಪುಟವಿದೆ. ಆ ದಿನ ನನಗೊಬ್ಬರು ಗುರು ಸಿಕ್ಕರು. ಅವರ ವಿದ್ಯಾಭ್ಯಾಸ ನಾಲ್ಕನೆಯ ಇಯತ್ತೆ.

ಗಡಿಯಾರದ ಕೆಲಸ ಕಲಿಯಲು ಕಂಪನಿಯವರು ನನ್ನ ಯಜಮಾನರನ್ನು ಸ್ವಿಟ್ಜರ್ಲೆಂಡಿಗೆ ಕಳಿಸಿದ್ದರು. ಜೊತೆಗೆ ನಾನೂ ಹೋಗಿದ್ದೆ. ನಮ್ಮ ಮೇಲಿನ ಮಹಡಿಯಲ್ಲಿ ಗೌರಕ್ಕ ಇದ್ದರು. ಮಗಳ ಬಾಣಂತನಕ್ಕೆಂದು ಧಾರವಾಡದಿಂದ ಬಂದವರು.

ಅಲ್ಲಿ ಬೆಟ್ಟದ ತುದಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಇಟ್ಟಿರುತ್ತಾರೆ. ಒಳಗೊಂದು ಪುಸ್ತಕ. ಹತ್ತಿದವರು ಅದರಲ್ಲಿ ಹೆಸರು ಬರೆಯುವುದು ವಾಡಿಕೆ.

‘ವಿಶಾಲಾಕ್ಷಿ, ಎಂ.ಎಸ್ಸಿ., ಮೈಸೂರು’ ಎಂದು ಅಲ್ಲಿ ಬರೆದೇ ದೇಶಕ್ಕೆ ಮರಳುವುದು ಎಂದು ನಾನು ನಿಶ್ಚಯಿಸಿದ್ದೆ. ಮುಂದಿನ ವಾರದಿಂದ ಹಿಮ. ಡಿಸೆಂಬರಿನಲ್ಲಿ ನಮ್ಮ ವಿಮಾನ. ಉಳಿದಿದ್ದು ಅದೊಂದೇ ಭಾನುವಾರ.

ಯಜಮಾನರಿಗೆ ಮಂಡಿನೋವು. ಗೌರಕ್ಕ ಸೀರೆಯ ಮೇಲೆ ಅಳಿಯನ ಕೋಟು ತೊಟ್ಟು ಜೊತೆಗೆ ಬಂದರು.

ಮೊದಲ ತಿರುವಿನಲ್ಲಿ ನಿಂತು ಬರೆದೆ: ೮.೧೫, ಚಳಿ. ಎರಡನೆಯ ತಿರುವಿನಲ್ಲಿ: ೮.೪೦, ಲಾರ್ಚ್ ಮರಗಳು, ಎಲೆ ಹಳದಿ.

“ಏನ್ ಬರದಿ, ತಂಗಿ?”

“ಎಲೆ ಹಳದಿ ಅಂತ, ಅಕ್ಕ. ಆಮೇಲೆ ನೆನಪಿರಬೇಕಲ್ಲ.”

“ಮರಕ್ಕ ನೆನಪದ. ವರ್ಷಾ ಮರೀದನ ಹಳದಿ ಆಗ್ತದ.”

ಹತ್ತನೆಯ ತಿರುವಿಗೆ ಮೂರು ಪುಟ ತುಂಬಿದ್ದವು.

“ಎಲ್ಲಾ ದಾರ್ಯಾಗ ಬರದ್ರ ಮ್ಯಾಲ ಹೋಗಿ ಏನ್ ಬರೀತಿ?”

“ನನ್ನ ಹೆಸರು.”

“ಅದನ್ನೂ ಮರೀತಿಯೇನು?”

ನಾನು ಅವರ ಮಾತನ್ನೂ ಬರೆದುಕೊಂಡೆ.

ಮಧ್ಯಾಹ್ನ ತುದಿ ತಲುಪಿದೆವು. ಗೌರಕ್ಕ ಸುತ್ತಲಿನ ಬೆಟ್ಟಗಳನ್ನು ನೋಡುತ್ತ ನಿಂತರು. ನಾನು ಡೈರಿ ತೆಗೆದು ಮೊದಲು ಹೊತ್ತು ಬರೆದೆ: ೧೨.೧೦, ಶಿಖ. ಅಲ್ಲಿಗೆ ಪೆನ್ನು ನಿಂತಿತು. ಅಂಗೈಯಲ್ಲಿ ಉಜ್ಜಿದೆ. ಬಾಯಿಯ ಹಬೆ ಕೊಟ್ಟೆ. ರೀಫಿಲ್ ಖಾಲಿ.

ಪೆಟ್ಟಿಗೆ ತೆರೆದೆ. ಪುಸ್ತಕಕ್ಕೆ ಒಂದು ದಾರ ಕಟ್ಟಿದ್ದರು. ದಾರದ ತುದಿಯಲ್ಲಿ ಪೆನ್ಸಿಲ್ ಇರಲಿಲ್ಲ.

ಬೇರೆ ಯಾರೂ ಹತ್ತಿ ಬಂದಿರಲಿಲ್ಲ. ನಾನು ಕಲ್ಲಿನ ಮೇಲೆ ಕೂತು ಅತ್ತೆ.

ಗೌರಕ್ಕ ಬುತ್ತಿ ಬಿಚ್ಚಿದರು. ಊರಿನಿಂದ ತಂದ ಖಡಕ್ ರೊಟ್ಟಿ. ಸಣ್ಣ ಡಬ್ಬಿಯಲ್ಲಿ ರಂಜಕ, ಹಣ್ಣುಮೆಣಸಿನಕಾಯಿ ರುಬ್ಬಿದ ಅವರ ಕಡೆಯ ಕೆಂಪು ಚಟ್ನಿ. ಡಬ್ಬಿಯನ್ನು ನನ್ನ ಮುಂದೆ ಹಿಡಿದರು.

“ನನಗೆ ಹಸಿವಿಲ್ಲ, ಅಕ್ಕ.”

“ತಿನ್ನು ಅಂತ ಯಾರು ಅಂದ್ರು? ಹೆಬ್ಬಟ್ಟು ಅದ್ದು.”

“ಹೆಬ್ಬೆಟ್ಟೇ? ಕಾಲೇಜಿನಲ್ಲಿದ್ದಾಗಲೇ ಹನ್ನೊಂದು ಜನ ಹೆಂಗಸರಿಗೆ ಹೆಬ್ಬೆಟ್ಟು ಬಿಡಿಸಿ ಸಹಿ ಹಾಕೋದು ಕಲಿಸಿದವಳು ನಾನು.”

“ಹೌದಲ್ಲ. ಹಂಗಾದ್ರ ಬ್ಯಾಡ ಬಿಡು. ಇಳಿಯೋಣ ನಡಿ.”

ಅವರು ಮುಚ್ಚಳ ಹಾಕತೊಡಗಿದರು.

ನಾನು ಅದ್ದಿದೆ.

ಪುಸ್ತಕದ ಬಿಳಿಯ ಪುಟದ ಮೇಲೆ ಒತ್ತಿದೆ. ಗೌರಕ್ಕನೂ ಅದರ ಪಕ್ಕದಲ್ಲೇ ಒತ್ತಿದರು. ಎರಡೂ ಒಂದೇ ಕೆಂಪು, ಹೆಚ್ಚುಕಡಿಮೆ ಒಂದೇ ಗಾತ್ರ.

“ಇದರಲ್ಲಿ ಎಂ.ಎಸ್ಸಿ. ಯಾವುದು ಅಂತ ನೋಡಿದವರಿಗೆ ಹೇಗೆ ಗೊತ್ತಾಗುತ್ತೆ?”

“ಮೂಸಿ ನೋಡ್ತಾರ. ಇಬ್ರೂ ಊಟಾ ಮಾಡಿದ್ರು ಅಂತ ತಿಳೀತದ.”

ಊಟ ಮಾಡಿದೆವು. ಹೊರಡುವಾಗ ನಾನು ಕಣ್ಣೊರೆಸಿಕೊಂಡೆ, ಅದೇ ಬೆರಳಿನಲ್ಲಿ.

ಇಳಿಯುವ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡು ಗೌರಕ್ಕನ ಕೋಟಿನ ತೋಳು ಹಿಡಿದು ನಡೆದೆ. “ಇಲ್ಲೆ ಕಲ್ಲದ.” “ಇಲ್ಲೆ ಎಲೀ ಬಿದ್ದಾವ, ಮೆತ್ತಗ ಕಾಲಿಡು.” “ಇಲ್ಲೆ ಏನಿಲ್ಲ, ಸುಮ್ನ ನಡಿ.” ಡೈರಿಯಲ್ಲಿ ಆ ದಾರಿಗೆ ಒಂದು ಸಾಲೂ ಇಲ್ಲ. ನನಗೆ ಚೆನ್ನಾಗಿ ನೆನಪಿರುವುದು ಅದೊಂದೇ.

ಸಂಜೆ ಮನೆಯಲ್ಲಿ ಹೊಸ ರೀಫಿಲ್ ಹಾಕಿ ಡೈರಿ ತೆರೆದೆ. ಪ್ರತಿ ಪುಟದ ಕೆಳಗೆ ‘ಒಟ್ಟು ಖರ್ಚು’ ಎಂದು ಒಂದು ಸಾಲು ಬರೆಯುವುದು ಮದುವೆಯಾದಾಗಿನಿಂದ ನನ್ನ ಪದ್ಧತಿ.

ಗೌರಕ್ಕ ಎದುರಿಗೆ ಕೂತು ಚಹಾ ಆರಿಸುತ್ತಿದ್ದರು.

“ಅಕ್ಕ, ಇವತ್ತಿನ ಖರ್ಚು ಏನಂತ ಬರೆಯಲಿ?”

ಗೌರಕ್ಕ ಒಂದು ಗುಟುಕು ಕುಡಿದರು.

“ಬರಕೋ. ಪೆನ್ನಿನ ಕಡ್ಡಿ, ಒಂದು. ರಂಜಕ, ಅರ್ಧಾ ಚಮಚ. ಎಂ.ಎಸ್ಸಿ., ಒಂದು.”