ಹಂಪವ್ವನ ನಿದ್ದೆ ಮತ್ತು ಕೆಮ್ಮುವ ಲಾರಿ

ಕಣ್ಣು ಮುಚ್ಚಿಕೊಂಡು ಕೇಳಿದರೆ ಚೆನ್ನಾಗಿ ಕಾಣಿಸುವ ಕಥೆ ಇದು. ಮುಚ್ಚಿದಿರಾ? ಹಾಂ, ಈಗ ಕೇಳಿ.

ಹಂಪವ್ವನ ನಿದ್ದೆ ಕಳೆದುಹೋಯಿತು.

ಹಂಪವ್ವ ಅಂದರೆ ದೊಡ್ಡವಳಲ್ಲ. ಬಾಯಲ್ಲಿ ಇನ್ನೂ ಎರಡೇ ಹಲ್ಲು. ಅವಳಿಗೊಬ್ಬ ಸೋದರಮಾವ. ಹೆಸರು ಈರಬಸಪ್ಪ. ಲಾರಿ ಓಡಿಸುತ್ತಿದ್ದ. ಅವನ ಮೀಸೆ ಎಷ್ಟು ಉದ್ದ ಅಂದರೆ, ಬಲಕ್ಕೆ ತಿರುಗುವಾಗ ಬಲಮೀಸೆ ಕಿಟಕಿಯಾಚೆ ಚಾಚಿದರೆ ಸಾಕು, ಹಿಂದಿನ ಬಸ್ಸು ನಿಲ್ಲುತ್ತಿತ್ತು.

ಅವನ ಲಾರಿಯ ಹೆಸರು ಬೆಳ್ಳಕ್ಕಿ. ತಾತನ ಕಾಲದ ಪೆಟ್ರೋಲ್ ಲಾರಿ. ಅದು ಹತ್ತಿ ಹೊರುತ್ತಿತ್ತು. ಎಷ್ಟು ಹತ್ತಿ? ಒಮ್ಮೆ ಒಂದು ಮರಿಮೋಡ ಅದನ್ನು ತನ್ನ ಅವ್ವ ಅಂದುಕೊಂಡು ಗದಗಿನವರೆಗೂ ಹಿಂದೆಯೇ ಬಂದಿತ್ತು. ಸುಳ್ಳಲ್ಲ. ಈರಬಸಪ್ಪನೇ ಹೇಳಿದ್ದು.

ಆ ಲಾರಿಯೊಳಗೆ ಸೀರೆಯ ಜೋಲಿ ಕಟ್ಟಿತ್ತು. ಲಾರಿ ಗುಡು ಗುಡು ಗುಡು ಅನ್ನುತ್ತಿತ್ತು. ಜೋಲಿ ತೂಗುತ್ತಿತ್ತು. ಹಂಪವ್ವ ನಿದ್ದೆ ಹೋಗುತ್ತಿದ್ದಳು. ಬೇರೆ ಎಲ್ಲೂ ಅವಳಿಗೆ ನಿದ್ದೆ ಬಾರದು.

ಈಗ ಮೂರು ದಿನದಿಂದ ಲಾರಿ ಗುಡು ಗುಡು ಅನ್ನುತ್ತಿಲ್ಲ.

ಗುಡು... ಖೊಕ್. ಗುಡು... ಢಬ್.

ಖೊಕ್ ಅಂದರೆ ಹಂಪವ್ವ ಕಣ್ಣು ಬಿಡುತ್ತಾಳೆ. ಢಬ್ ಅಂದರೆ ಅಳುತ್ತಾಳೆ.

ಅವಳ ಅವ್ವ ಗೌರವ್ವ, ಈರಬಸಪ್ಪನ ಅಕ್ಕ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದಳು.

"ಈರ್ಯಾ, ಕೂಸಿನ ಕಣ್ಣು ನೋಡು, ಮೆಣಸಿನಕಾಯಿ ಆಗ್ಯಾವ. ನಾ ಚಂದ್ರನ ಮ್ಯಾಲೆ ಲಾರಿ ಓಡಿಸೀನಿ ಅಂತಿ. ಒಂದು ಕೂಸು ಮಲಗಸಾಕ ಆಗವಲ್ದಾ?"

"ಚಂದ್ರನ ಮ್ಯಾಲೆ ರಸ್ತೆ ಚಲೋ ಐತಕ್ಕಾ," ಅಂದ ಈರಬಸಪ್ಪ. "ತಡಿ, ಈಗ ಮಲಗಸ್ತೀನಿ."

ಮಧ್ಯಾಹ್ನದ ಹೊತ್ತು. ಬೇವಿನ ಮರದ ನೆರಳು. ಗಾಳಿಯಲ್ಲಿ ಹತ್ತಿಯ ಎಳೆ ತೇಲುತ್ತಿತ್ತು, ಒಂದು, ಇನ್ನೊಂದು, ಮತ್ತೊಂದು. ಅಂಥ ಹೊತ್ತಿನಲ್ಲಿ ಕಬ್ಬಿಣವೂ ಮಾತಾಡುತ್ತದೆ. ಮೆಲ್ಲಗೆ ಕೇಳಬೇಕು, ಅಷ್ಟೇ.

ಈರಬಸಪ್ಪ ಬಾನೆಟ್ ಎತ್ತಿದ. ಮೆಲ್ಲಗೆ ಕೇಳಿದ.

"ಬೆಳ್ಳಕ್ಕಿ ಬೆಳ್ಳಕ್ಕಿ,
ಹಂಪವ್ವಗ ನಿದ್ದಿ ಬರವಲ್ದು.
ಗುಡು ಗುಡು ಅನ್ನು."

"ಅನ್ನೂದಿಲ್ಲ ಮಾಮಾ," ಅಂದಿತು ಲಾರಿ. "ಪ್ಲಗ್ಗು ತಡ ಮಾಡಿ ಕಿಡಿ ಹಾರಸ್ತೈತಿ. ಹೊಟ್ಯಾಗಿನ ಪೆಟ್ರೋಲ್ ಕಾದು ಕಾದು ಢಬ್ ಅಂತೈತಿ. ಹೋಗಿ ಅದನ್ನ ಕೇಳು."

ಈರಬಸಪ್ಪ ಪ್ಲಗ್ಗಿನ ಹತ್ತಿರ ಹೋದ. ಲಾರಿಯ ಹೊಟ್ಟೆಗೆ ಬೆಂಕಿ ಹಚ್ಚುವುದು ಅದರ ಕೆಲಸ. ಅದರ ಮುಖವೆಲ್ಲ ಮಸಿ.

"ಪ್ಲಗ್ಗೇ ಪ್ಲಗ್ಗೇ,
ಬೆಳ್ಳಕ್ಕಿ ಖೊಕ್ ಢಬ್ ಅಂತೈತಿ,
ಹಂಪವ್ವಗ ನಿದ್ದಿ ಬರವಲ್ದು.
ಹೊತ್ತಿಗೆ ಸರಿಯಾಗಿ ಕಿಡಿ ಹಾರಸು."

"ಹಾರಸೂದಿಲ್ಲ ಮಾಮಾ," ಅಂದಿತು ಪ್ಲಗ್ಗು. "ಮಿಂಚು ಬಂದ್ರ ತಾನೇ ಕಿಡಿ? ವಾಯರ್ ತಡ ಮಾಡಿ ಹಾಯಸ್ತೈತಿ. ಬೈಸ್ಕೊಳ್ಳೂದು ಮಾತ್ರ ನಾನು. ಹೋಗಿ ಅದನ್ನ ಕೇಳು."

ಈರಬಸಪ್ಪ ವಾಯರಿನ ಹತ್ತಿರ ಹೋದ. ಅದು ಬಿಸಿಲಿಗೆ ಬಿದ್ದ ಹಾವಿನ ಹಾಗೆ ತೂಕಡಿಸುತ್ತಿತ್ತು.

"ವಾಯರೇ ವಾಯರೇ,
ಪ್ಲಗ್ಗು ತಡ ಮಾಡಿ ಕಿಡಿ ಹಾರಸ್ತೈತಿ,
ಬೆಳ್ಳಕ್ಕಿ ಖೊಕ್ ಢಬ್ ಅಂತೈತಿ,
ಹಂಪವ್ವಗ ನಿದ್ದಿ ಬರವಲ್ದು.
ಹೊತ್ತಿಗೆ ಸರಿಯಾಗಿ ಮಿಂಚು ಹಾಯಸು."

"ಹಾಯಸೂದಿಲ್ಲ ಮಾಮಾ," ಆಕಳಿಸಿತು ವಾಯರ್. "ನಾ ಬರೇ ದಾರಿ. ದಾರಿ ಎಲ್ಲಾರೆ ನಡೀತೈತೇನು? ಡಬ್ಬಿ ತಡ ಮಾಡಿ ಹಂಚತೈತಿ. ಹೋಗಿ ಅದನ್ನ ಕೇಳು."

ಈರಬಸಪ್ಪ ಡಬ್ಬಿಯ ಹತ್ತಿರ ಹೋದ. ಮಿಂಚು ಹಂಚುವ ದುಂಡು ಡಬ್ಬಿ. ಗ್ಯಾರೇಜಿನವರು ಡಿಸ್ಟ್ರಿಬ್ಯೂಟರ್ ಅನ್ನುತ್ತಾರೆ. ಅಷ್ಟು ಉದ್ದದ ಹೆಸರು ಹೇಳುವಷ್ಟರಲ್ಲಿ ಈರಬಸಪ್ಪ ಹುಬ್ಬಳ್ಳಿ ಮುಟ್ಟುತ್ತಾನೆ.

"ಡಬ್ಬೀ ಡಬ್ಬೀ,
ವಾಯರ್ ತಡ ಮಾಡಿ ಹಾಯಸ್ತೈತಿ,
ಪ್ಲಗ್ಗು ತಡ ಮಾಡಿ ಕಿಡಿ ಹಾರಸ್ತೈತಿ,
ಬೆಳ್ಳಕ್ಕಿ ಖೊಕ್ ಢಬ್ ಅಂತೈತಿ,
ಹಂಪವ್ವಗ ನಿದ್ದಿ ಬರವಲ್ದು.
ಹೊತ್ತಿಗೆ ಸರಿಯಾಗಿ ಮಿಂಚು ಹಂಚು."

"ಹಂಚೂದಿಲ್ಲ ಮಾಮಾ," ಅಂದಿತು ಡಬ್ಬಿ. "ನನ್ನ ಮುಚ್ಚಳ ತಗದು ನೋಡು. ಒಳಗ ಪಾಯಿಂಟ್ ಕುಂತೈತಿ. ಅದು ಬಾಯಿ ತೆಗೆದ್ರ ಮಿಂಚು. ತಡ ಮಾಡಿ ತೆಗೀತೈತಿ. ಹೋಗಿ ಅದನ್ನ ಕೇಳು."

ಈರಬಸಪ್ಪ ಮುಚ್ಚಳ ತೆಗೆದ. ಒಳಗೆ ಪಾಯಿಂಟ್. ಗುಬ್ಬಿಯ ಕೊಕ್ಕಿನಷ್ಟು ಪುಟ್ಟದು.

"ಪಾಯಿಂಟೇ ಪಾಯಿಂಟೇ,
ಡಬ್ಬಿ ತಡ ಮಾಡಿ ಹಂಚತೈತಿ,
ವಾಯರ್ ತಡ ಮಾಡಿ ಹಾಯಸ್ತೈತಿ,
ಪ್ಲಗ್ಗು ತಡ ಮಾಡಿ ಕಿಡಿ ಹಾರಸ್ತೈತಿ,
ಬೆಳ್ಳಕ್ಕಿ ಖೊಕ್ ಢಬ್ ಅಂತೈತಿ,
ಹಂಪವ್ವಗ ನಿದ್ದಿ ಬರವಲ್ದು.
ಹೊತ್ತಿಗೆ ಸರಿಯಾಗಿ ಬಾಯಿ ತೆಗಿ."

"ಹೊತ್ತು ಯಾವುದು ಮಾಮಾ?" ಅಂದಿತು ಪಾಯಿಂಟ್. "ಡಬ್ಬಿ ಎಲ್ಲಿ ತಿರುವಿ ಇಟ್ಟೀರಿ ಅಲ್ಲೇ ನಾ ಬಾಯಿ ತೆಗೀಬೇಕು. ಹೊತ್ತು ಗೊತ್ತಿರೂದು ಗೆರಿಗೆ. ಹೋಗಿ ಅದನ್ನ ಕೇಳು."

ಎಂಜಿನ್ನಿನ ಮುಂದೆ ಒಂದು ಚಕ್ರ. ಚಕ್ರದ ಮೇಲೆ ಒಂದು ಗೆರೆ. ಈರಬಸಪ್ಪ ಹುಡುಕಿದ. ಗೆರೆ ಕಾಣಲಿಲ್ಲ. ಚಕ್ರದ ತುಂಬ ಎಣ್ಣೆ, ಎಣ್ಣೆಯ ಮೇಲೆ ಧೂಳು, ಧೂಳಿನ ಮೇಲೆ ಹತ್ತಿ. ಆ ಕೊಳೆಗೇ ಕೇಳಿದ.

"ಗೆರೆಯೇ ಗೆರೆಯೇ,
ಪಾಯಿಂಟ್ ತಡ ಮಾಡಿ ಬಾಯಿ ತೆಗೀತೈತಿ,
ಡಬ್ಬಿ ತಡ ಮಾಡಿ ಹಂಚತೈತಿ,
ವಾಯರ್ ತಡ ಮಾಡಿ ಹಾಯಸ್ತೈತಿ,
ಪ್ಲಗ್ಗು ತಡ ಮಾಡಿ ಕಿಡಿ ಹಾರಸ್ತೈತಿ,
ಬೆಳ್ಳಕ್ಕಿ ಖೊಕ್ ಢಬ್ ಅಂತೈತಿ,
ಹಂಪವ್ವಗ ನಿದ್ದಿ ಬರವಲ್ದು.
ಹೊತ್ತು ಹೇಳು."

"ಹೇಳ್ತೀನಿ," ಅಂದಿತು ಗೆರೆ, ಕಂಬಳಿಯೊಳಗಿನಿಂದ ಮಾತಾಡಿದ ಹಾಗೆ. "ಮೊದಲ ನೀ ಹೇಳು. ಮೂರು ದಿನದ ಹಿಂದ ಡಬ್ಬಿ ತಿರುವಿದವರು ಯಾರು?"

"ನಾನ."

"ನನ್ನ ನೋಡಿ ತಿರುವಿದ್ಯಾ?"

"ನನಗ್ಯಾಕ ಗೆರಿ? ನಾ ಕಿವೀಲೆ ಕೇಳಿ ಟೈಮಿಂಗ್ ಕೂಡಸ್ತೀನಿ. ಏಳು ಊರಾಗ ನನ್ನಂಥ ಕಿವಿ ಇಲ್ಲ. ಇರುವಿ ಸೀನಿದ್ರೂ ಕೇಳತೈತಿ."

"ಅವತ್ತು ಏನ್ ಕೆಲಸಿತ್ತು ಮಾಮಾ?"

"ಹತ್ತಿ ಹೇರಾಕತ್ತಿದ್ವಿ."

"ಹತ್ತಿ ಹೇರುವಾಗ ಕಿವ್ಯಾಗ ಏನ್ ಇಟ್ಕೊಂತೀರಿ?"

ಈರಬಸಪ್ಪನ ಕೈ ಕಿವಿಗೆ ಹೋಯಿತು. ಹತ್ತಿ ಹೇರುವವರೆಲ್ಲ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಾರೆ, ಧೂಳು ಹೋಗಬಾರದು ಅಂತ. ಎಡಗಿವಿಗೊಂದು ಉಂಡೆ. ಬಲಗಿವಿಗೊಂದು ಉಂಡೆ. ಅವತ್ತು ಲಾರಿ ಎಷ್ಟು ಕೆಮ್ಮಿದರೂ ಅವನಿಗೆ ಕೋಗಿಲೆ ಕೂಗಿದ ಹಾಗೇ ಕೇಳಿಸಿತ್ತು.

ಅವನ ಮೀಸೆ ಎರಡೂ ಕಡೆ ಇಳಿಯಿತು.

"ಕಿವ್ಯಾಗ ಹತ್ತಿ ಇತ್ತವ್ವ," ಅಂದ ಮೆಲ್ಲಗೆ. "ತಪ್ಪು ನಂದ."

"ಹಂಗಾರ ನನ್ನ ಮುಖ ತೊಳಿ," ಅಂದಿತು ಗೆರೆ.

ಈರಬಸಪ್ಪ ಬಟ್ಟೆಗೆ ಸೀಮೆಎಣ್ಣೆ ಹಾಕಿದ. ಒರೆಸಿದ. ಹತ್ತಿ ಹೋಯಿತು, ಧೂಳು ಹೋಯಿತು, ಎಣ್ಣೆ ಹೋಯಿತು. ಬೆಳ್ಳಗೆ ನಕ್ಕಿತು ಗೆರೆ. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿದ. ಚಕ್ರದ ಪಕ್ಕದಲ್ಲೊಂದು ಮುಳ್ಳು. ಗೆರೆ ಮೆಲ್ಲಗೆ ಬಂತು, ಬಂತು, ಮುಳ್ಳಿನ ಎದುರು ನಿಂತಿತು.

"ಇದ ಹೊತ್ತು," ಅಂದಿತು.

ಈರಬಸಪ್ಪ ಡಬ್ಬಿಯ ನಟ್ಟು ಸಡಿಲಿಸಿದ. ಡಬ್ಬಿಯನ್ನು ಎಳ್ಳಿನಷ್ಟು ತಿರುವಿದ. ಪಾಯಿಂಟ್ ಆಗಷ್ಟೇ ತುಟಿ ಬಿಡಿಸಿತು. ಅಲ್ಲೇ ನಟ್ಟು ಬಿಗಿದ. ಮುಚ್ಚಳ ಹಾಕಿದ. ಗೌರವ್ವ ಕೂಸನ್ನು ಜೋಲಿಗೆ ಹಾಕಿ ಸೀಟಿನಲ್ಲಿ ಕೂತಳು. ಈರಬಸಪ್ಪ ಲಾರಿ ಚಾಲೂ ಮಾಡಿದ.

ಗೆರೆ ಹೊತ್ತು ಹೇಳಿತು.
ಪಾಯಿಂಟ್ ಹೊತ್ತಿಗೆ ಬಾಯಿ ತೆಗೆಯಿತು.
ಡಬ್ಬಿ ಹೊತ್ತಿಗೆ ಹಂಚಿತು.
ವಾಯರ್ ಹೊತ್ತಿಗೆ ಹಾಯಿಸಿತು.
ಪ್ಲಗ್ಗು ಹೊತ್ತಿಗೆ ಕಿಡಿ ಹಾರಿಸಿತು.
ಬೆಳ್ಳಕ್ಕಿ ಗುಡು ಗುಡು ಗುಡು ಅಂದಿತು.
ಜೋಲಿ ತೂಗಿತು.

ಹಂಪವ್ವನ ಒಂದು ಕಣ್ಣು ಮುಚ್ಚಿತು. ಇನ್ನೊಂದು ಕಣ್ಣು ಸ್ವಲ್ಪ ಹೊತ್ತು ನೋಡಿತು. ಅದೂ ಮುಚ್ಚಿತು.

ನಿದ್ದೆ ಬಂತು.

ಲಾರಿ ಹೊರಟಿತು. ಮೆಲ್ಲಗೆ, ಬೆಳ್ಳಗೆ, ನೆಲ ಮುಟ್ಟದ ಹಾಗೆ. ಈರಬಸಪ್ಪನ ಮೀಸೆ ಮತ್ತೆ ಮೇಲೆದ್ದಿತು.

"ಅಕ್ಕಾ, ನೋಡಿದ್ಯಾ, ನಾ ಹ್ಯಾಂಗ..."

ಅಕ್ಕ ಕೇಳಲಿಲ್ಲ. ಸೀಟಿಗೆ ಒರಗಿ ನಿದ್ದೆ ಹೋಗಿದ್ದಳು, ಪಾಪ, ಅವಳಿಗೂ ಮೂರು ದಿನದ ನಿದ್ದೆ ಬಾಕಿ. ಗಟ್ಟಿಯಾಗಿ ಹೇಳಿದರೆ ಕೂಸು ಏಳುತ್ತದೆ. ಈರಬಸಪ್ಪ ನಾಲಿಗೆಗೆ ಬಂದ ಜಂಬವನ್ನೆಲ್ಲ ನುಂಗಿಕೊಂಡ.

ಹುಬ್ಬಳ್ಳಿ ಬರುವವರೆಗೆ ಅವನು ಒಂದು ಮಾತೂ ಆಡಲಿಲ್ಲ.

ಲಾರಿ ಮಾತಾಡಿದ್ದನ್ನು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಮೋಡ ಬಂದದ್ದನ್ನೂ ನಂಬುತ್ತಾರೆ. ಈರಬಸಪ್ಪ ಸುಮ್ಮನಿದ್ದದ್ದನ್ನು ಮಾತ್ರ ಇವತ್ತಿಗೂ ಯಾರೂ ನಂಬುವುದಿಲ್ಲ.