ತಲೆಯ ಕಡೆಯ ಸ್ಟೂಲು

"ಗುರುಗಳೇ, ಅವರಿಗೆ ನಾನು ಇನ್ನೂ ಏನು ಕೊಡಬೇಕು?"

ಕೇಳಿದವನು ಚಂದ್ರಮೌಳಿ. ಶಸ್ತ್ರಚಿಕಿತ್ಸೆಯ ಹೊತ್ತಿಗೆ ರೋಗಿಗೆ ಅರಿವಳಿಕೆ ಕೊಡುವ ವೈದ್ಯ. ವರ್ಷಕ್ಕೊಮ್ಮೆ ಕಡಲಾಚೆಯ ಒಂದು ಬಡ ದೇಶಕ್ಕೆ ಹೋಗಿ, ಅಲ್ಲಿನವರಿಗೆ ಆ ವಿದ್ಯೆ ಕಲಿಸಿ ಬರುತ್ತಿದ್ದ. ಈ ಸಲ ಹಿಂದಿರುಗಿದವನು ಮನೆಗೂ ಹೋಗದೆ ನೇರವಾಗಿ ಗುರುಗಳ ಬಳಿ ಬಂದಿದ್ದ. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು.

"ಯಂತ್ರ ಕೊಟ್ಟೆ, ಔಷಧ ಕೊಟ್ಟೆ, ಪುಸ್ತಕ ಕೊಟ್ಟೆ. ನನ್ನ ರಜೆಯನ್ನೆಲ್ಲ ಅಲ್ಲೇ ಸುರಿದೆ. ನಾನು ವಿಮಾನ ಹತ್ತಿದ್ದೇ ತಡ, ಅಲ್ಲಿ ಎಲ್ಲವೂ ನಿಂತುಹೋಗುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ. ಕೊಡದೆ ಉಳಿದದ್ದು ಯಾವುದು, ನೀವೇ ಹೇಳಿ."

"ಒಂದು ಕತೆ ಹೇಳುತ್ತೇನೆ, ಕೇಳು" ಎಂದರು ಗುರುಗಳು. ಚಂದ್ರಮೌಳಿಗೆ ಕತೆ ಬೇಕಿರಲಿಲ್ಲ, ಉತ್ತರ ಬೇಕಿತ್ತು. ಆದರೂ ಹಲ್ಲು ಕಚ್ಚಿ ಕೂತ. ಗುರುಗಳು ಹೇಳತೊಡಗಿದರು.

ಒಂದು ಬೆಟ್ಟದ ನಾಡು. ಅಲ್ಲೊಂದು ಆಸ್ಪತ್ರೆ. ಕೊಯ್ಯಲು ಒಬ್ಬ ವೈದ್ಯನಿದ್ದ. ಆದರೆ ನೋವು ತಿಳಿಯದಂತೆ ರೋಗಿಯನ್ನು ಮಲಗಿಸಿ, ಮತ್ತೆ ಎಬ್ಬಿಸಬಲ್ಲವರು ಯಾರೂ ಇರಲಿಲ್ಲ. ಅದನ್ನು ಕಲಿಸಲು ವರ್ಷಕ್ಕೊಮ್ಮೆ ದೂರದಿಂದ ಒಬ್ಬ ಪಂಡಿತ ಬರುತ್ತಿದ್ದ. ಕಲಿಯಲು ಅಲ್ಲಿಯದೇ ಒಬ್ಬ ದಾದಿ ಇದ್ದಳು.

ಮಲಗಿಸುವವರು ಕೂರಬೇಕಾದದ್ದು ರೋಗಿಯ ತಲೆಯ ಕಡೆ. ಗದ್ದ ಎತ್ತಿ ಹಿಡಿದು, ಉಸಿರು ಕಾಯುತ್ತ, ಕೊನೆಯವರೆಗೂ ಏಳುವಂತಿಲ್ಲ. ಅಲ್ಲಿ ಇದ್ದದ್ದು ಒಂದೇ ಸ್ಟೂಲು. ಅತಿಥಿಯನ್ನು ನಿಲ್ಲಿಸಿ ತಾವು ಕೂತರೆ ಆ ನಾಡಿನಲ್ಲಿ ಮನೆತನಕ್ಕೇ ಅವಮಾನ. ಹಾಗಾಗಿ ಪಂಡಿತ ಬಂದ ಕೂಡಲೇ ದಾದಿ ಸ್ಟೂಲು ಒರೆಸಿ, ಮೆತ್ತೆ ಹಾಕುತ್ತಿದ್ದಳು. ಪಂಡಿತ ಕೂರುತ್ತಿದ್ದ. ತಡೆದುಕೊಳ್ಳಬಲ್ಲ ರೋಗಿಗಳನ್ನೆಲ್ಲ ಅವನು ಬರುವ ದಿನಗಳಿಗೇ ಕಾದಿರಿಸಿ, ಹಬ್ಬದ ಅಡುಗೆಯ ಹಾಗೆ ಒಬ್ಬರಾದ ಮೇಲೊಬ್ಬರನ್ನು ಮುಂದೆ ತಂದಿಡುತ್ತಿದ್ದರು. ಅವನು ಎಲ್ಲರನ್ನೂ ಚೊಕ್ಕವಾಗಿ ಮಲಗಿಸಿ ಎಬ್ಬಿಸುತ್ತಿದ್ದ, ಮಾಡುತ್ತಲೇ ವಿವರಿಸುತ್ತಿದ್ದ. ದಾದಿ ಪಕ್ಕದಲ್ಲಿ ನಿಂತು, ಕೇಳಿದ್ದನ್ನು ಎತ್ತಿಕೊಡುತ್ತಿದ್ದಳು. ನೋಡಿ ನೋಡಿ ಅವಳ ಕಣ್ಣು ಕಲಿಯಿತು, ಕೈ ಕಲಿಯಲಿಲ್ಲ.

ಪಂಡಿತ ಕೆಟ್ಟವನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಯಾರಾದರೂ ಎಬ್ಬಿಸಿ ಕಳಿಸುತ್ತಿದ್ದರು. ಒಮ್ಮೆ ದಾದಿಯೇ ಸಂಕೋಚ ಬಿಟ್ಟು, ತಾನು ಕೂರಲೇ ಎಂದು ಕೇಳಿದ್ದಳು. ಇದು ಪ್ರಾಣದ ಪ್ರಶ್ನೆ, ಮುಂದಿನ ಸಲ ನೋಡೋಣ ಎಂದಿದ್ದ. ಮುಂದಿನ ಸಲವೂ ಪ್ರಾಣದ ಪ್ರಶ್ನೆಯೇ ಆಗಿತ್ತು. ರೋಗಿಗಳೇನು ಪ್ರಾಣವನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆಯೇ?

ಒಂದು ವರ್ಷ ಪಂಡಿತ ಬರುವಷ್ಟರಲ್ಲಿ ಕೆಟ್ಟ ಸುದ್ದಿ ಕಾದಿತ್ತು. ಅವನಿಲ್ಲದಾಗ ಒಬ್ಬ ಬಸುರಿಯನ್ನು ಕರೆತಂದಿದ್ದರು. ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಿತ್ತು. ಕೊಯ್ಯುವವನು ಸಿದ್ಧನಿದ್ದ. ಔಷಧವಿತ್ತು, ಯಂತ್ರವಿತ್ತು. ಸ್ಟೂಲಿನ ಮೇಲೆ ಕೂರಲು ದಾದಿಗೆ ಧೈರ್ಯ ಬರಲಿಲ್ಲ. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಪಂಡಿತ ಹಣೆ ಚಚ್ಚಿಕೊಂಡ. ಇಷ್ಟು ವರ್ಷ ಕೋಣನ ಮುಂದೆ ಕಿನ್ನರಿ ಬಾರಿಸಿದೆನೇ ಎಂದು ಕೂಗಾಡಿದ. ಕೂಗಾಡಿ ಮುಗಿಸಿ, ಸ್ಟೂಲಿನ ಮೇಲೆ ಕೂತು, ಮುಂದಿನ ರೋಗಿಯನ್ನು ಕರೆದ.

ಆ ಸಲವೇ ಅವನಿಗೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್ ಬಾತು ಒಡೆಯುವುದರಲ್ಲಿತ್ತು. ಬೇರೆ ಊರಿಗೆ ಸಾಗಿಸುವಷ್ಟು ಹೊತ್ತಿರಲಿಲ್ಲ. ಅವನನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದರು. ಆಗ ಪಂಡಿತನಿಗೆ ಮೊದಲ ಸಲ ತಲೆಯ ಕಡೆಯ ಸ್ಟೂಲು ಖಾಲಿ ಇರುವುದು ಕಂಡಿತು.

"ಒಂದು ಸಲವಾದರೂ ನೀನೇ ಮಾಡಿದ್ದೀಯೇನಮ್ಮ?" ಎಂದು ದಾದಿಯನ್ನು ಕೇಳಿದ.

"ನೀವು ಯಾವತ್ತು ಎದ್ದಿರಿ ಸ್ವಾಮಿ? ನೀವು ಹಿಂದೆ ನಿಂತಿರುವಾಗ ನಾನು ತಪ್ಪಬೇಕಿತ್ತು, ನೀವು ತಿದ್ದಬೇಕಿತ್ತು. ಈಗ ತಿದ್ದುವವರೇ ಮಲಗಿದ್ದೀರಿ."

ದಾದಿ ಕೂತಳು. ನೋಡಿದ್ದ ಹಾಗೆಯೇ ಔಷಧ ಕೊಟ್ಟಳು. ಪಂಡಿತ ನಿದ್ದೆಗೆ ಜಾರಿದ ಮೇಲೆ ಅವನ ಗದ್ದ ಕೈತಪ್ಪಿತು, ಉಸಿರು ಕಟ್ಟಿತು, ತುಟಿ ನೀಲಿಯಾಯಿತು. ಕೊಯ್ಯುವವನು ಚಾಕು ಕೆಳಗಿಟ್ಟು ದೇವರನ್ನು ನೆನೆದ. ದಾದಿ ಅಳುತ್ತಲೇ ಗದ್ದವನ್ನು ಮತ್ತೆ ಎತ್ತಿದಳು, ಮತ್ತೆ ಜಾರಿತು, ಮತ್ತೆ ಎತ್ತಿ ಬಿಗಿಯಾಗಿ ಹಿಡಿದಳು. ಅಂತೂ ಉಸಿರು ದಾರಿಗೆ ಬಂತು. ಸಂಜೆಯ ಹೊತ್ತಿಗೆ ಪಂಡಿತ ಕಣ್ಣು ಬಿಟ್ಟ.

ಅವಳ ಎರಡೂ ಕೈ ಹಿಡಿದುಕೊಂಡು ಅತ್ತ. ನನ್ನ ವಿದ್ಯೆ ಸಾರ್ಥಕವಾಯಿತು ಎಂದ. ಹೊಲಿಗೆ ಬಿಚ್ಚಿದ ಮೇಲೆ, ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆದು ಕೆಲಸಕ್ಕೆ ಬಂದ. ಅಂದು ಮೇಜಿನ ಮೇಲೆ ಒಬ್ಬ ಬಸುರಿಯನ್ನು ಮಲಗಿಸಿದ್ದರು. ದಾದಿ ಸ್ಟೂಲು ಒರೆಸಿದಳು, ಮೆತ್ತೆ ಹಾಕಿದಳು. ಪಂಡಿತ ಕೂತ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಚಂದ್ರಮೌಳಿಗೆ ತಡೆಯಲಾಗಲಿಲ್ಲ.

"ಎಂಥ ಮೂರ್ಖ! ಸಾವಿನ ಬಾಯಿಂದ ಎದ್ದು ಬಂದ ಮೇಲೂ ಬುದ್ಧಿ ಬರಲಿಲ್ಲವೇ? ಆ ಹೆಂಗಸಿಗೆ ಯಂತ್ರವೂ ಬೇಡ, ಪುಸ್ತಕವೂ ಬೇಡ. ಆ ಒಂದು ಸ್ಟೂಲು ಬಿಟ್ಟುಕೊಟ್ಟು ಹಿಂದೆ ನಿಲ್ಲುವುದಕ್ಕೆ ಅವನಿಗೇನು ಕಷ್ಟವಾಗಿತ್ತು?"

ಅವನು ರೇಗುವಷ್ಟು ರೇಗಲಿ ಎಂದು ಗುರುಗಳು ಕಾದರು. ಆಮೇಲೆ ಮೆಲ್ಲಗೆ ಕೇಳಿದರು:

"ಹೋದ ವಾರ ಅಲ್ಲಿ ಆ ಸ್ಟೂಲಿನ ಮೇಲೆ ಕೂತಿದ್ದವರು ಯಾರಪ್ಪ?"