ಮೂರು ಬಣ್ಣದ ಗಂಡುಬೆಕ್ಕು

ಮೀನು ಮಾರುಕಟ್ಟೆಯ ಕೆಂಚನೆಂಬ ಗಂಡುಬೆಕ್ಕಿಗೆ ಚಿತ್ತಾರನನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತಿತ್ತು. ಚಿತ್ತಾರನೂ ಗಂಡೇ, ಆದರೆ ಅವನ ಮೈಮೇಲೆ ಬಿಳಿ, ಕಪ್ಪು, ಕೆಂಪು ಮೂರೂ ಇದ್ದವು. ಅಂಥ ಗಂಡುಬೆಕ್ಕು ಸಿಗುವುದೇ ಅಪರೂಪ, ಇದ್ದರೆ ಶುಭವೆಂದು ಮೀನು ಮಾರುವ ಹೆಂಗಸರು ಬೋಣಿಗೆ ಮೊದಲು ಅವನ ಮುಂದೆ ಒಂದು ಬಂಗುಡೆ ಮೀನು ಇಡುತ್ತಿದ್ದರು. ಕೆಂಚನಿಗೆ ಸಿಗುತ್ತಿದ್ದದ್ದು ಪೊರಕೆಯ ಏಟು.

ಕೆಂಚನ ಹೊಟ್ಟೆ ಬಿಳಿ, ಬೆನ್ನು ಕೆಂಪು, ಕಪ್ಪೊಂದೇ ಕೊರತೆ. ಒಂದು ಬೆಳಿಗ್ಗೆ ಅವನು ಇದ್ದಿಲ ರಾಶಿಯಲ್ಲಿ ಹೊರಳಿ ಬಂದು, ಚಿತ್ತಾರನ ಪಕ್ಕದಲ್ಲೇ ಗತ್ತಿನಿಂದ ಕೂತ. ಹೆಂಗಸರು ನಕ್ಕರು. ದಿನಾ ಕೆಂಚನ ಬಾಲ ಕಚ್ಚಿ ಆಡುತ್ತಿದ್ದ ಅವನ ಮರಿಗಳು ಓಡಿಬಂದು, ಗುರುತು ಸಿಗದೆ, ಬುಸ್ಸೆಂದು ಹಿಂದೆ ಸರಿದವು.

"ಎಲ್ಲ ನಿನ್ನಿಂದಲೇ! ಆ ಬಣ್ಣ ನಿನಗೊಬ್ಬನಿಗೇ ಯಾಕೆ?" ಎಂದು ಕೆಂಚ ಸಿಡುಕಿದ.

ಚಿತ್ತಾರ ಹೇಳಿದ: "ಕಪ್ಪು, ಕೆಂಪು ಎರಡೂ ಒಂದೇ ಮೈಗೆ ಬರಬೇಕಾದರೆ ಎಕ್ಸ್ ಎಂಬ ವರ್ಣತಂತು ಎರಡಿರಬೇಕು. ಹೆಣ್ಣಿಗೆ ಎರಡಿರುತ್ತವೆ, ಗಂಡಿಗೆ ಒಂದೇ. ನಾನು ಗಂಡಾಗಿಯೂ ಒಂದನ್ನು ಹೆಚ್ಚಿಗೆ ಹೊತ್ತು ಹುಟ್ಟಿದೆ. ಅದು ಬಣ್ಣ ಕೊಟ್ಟಿತು, ಮರಿಗಳ ಭಾಗ್ಯ ಕಿತ್ತುಕೊಂಡಿತು. ನಿನ್ನ ಮರಿಗಳು ಬಾಲ ಕಚ್ಚುವಾಗ ನನ್ನ ಹೊಟ್ಟೆ ಎಷ್ಟು ಉರಿಯುತ್ತದೆಂದು ನಿನಗೇನು ಗೊತ್ತು?"

ಕೆಂಚ ಮೈಯ ಮಸಿ ನೆಕ್ಕಿಕೊಳ್ಳತೊಡಗಿದ. ಕೆಂಪು ಕಾಣಿಸಿದ್ದೇ ತಡ, ಮರಿಗಳು ಬಾಲಕ್ಕೆ ಜೋತುಬಿದ್ದವು.

ಚಿತ್ತಾರ ತನ್ನ ಬಂಗುಡೆಯನ್ನು ಅವುಗಳ ಕಡೆ ತಳ್ಳಿದ. "ನಿನ್ನದು ನೆಕ್ಕಿದರೆ ಹೋಯಿತು," ಎಂದ. "ನಾನು ಏನನ್ನು ನೆಕ್ಕಿಕೊಳ್ಳಲಿ?"